ಗಾಜಿಗೆ ಉಪ್ಪಿನ ಶಾಖ

ಅವರ ಬಲಗೈ ಹೆಬ್ಬೆರಳ ಉಗುರು ಆಮೆಯ ಚಿಪ್ಪಿನ ಹಾಗೆ ದಪ್ಪಗಿತ್ತು. ಟೈಪ್‌ರೈಟರ್ ರಿಬ್ಬನ್ನಿನ ಮಸಿ ಎಷ್ಟೋ ವರ್ಷಗಳಿಂದ ಅದರ ಗೆರೆಗಳೊಳಗೆ ಇಳಿದು ಕೂತಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗದ ನೀಲಿ. ಉಳಿದ ಉಗುರುಗಳನ್ನೆಲ್ಲ ಬುಡಕ್ಕೇ ಕತ್ತರಿಸುತ್ತಿದ್ದರು, ಇದೊಂದನ್ನು ಮಾತ್ರ ಸಾಕಿಕೊಂಡಿದ್ದರು. ಉಪ್ಪಿನಕಾಯಿ ಬಾಟಲಿಯ ಮುಚ್ಚಳವಿರಲಿ, ರೇಡಿಯೊದ ಬೆನ್ನಿರಲಿ, ಕೈಗಡಿಯಾರವಿರಲಿ, ಸಂದಿಯೊಳಗೆ ಮೊದಲು ಹೋಗುತ್ತಿದ್ದುದು ಆ ಉಗುರು. ಆಮೇಲೆ ಕಣ್ಣು, ಆಮೇಲೆ ಬೈಗುಳ.

ಮದ್ದೂರಿನ ಹಳೇ ಬೆಂಗಳೂರು–ಮೈಸೂರು ರಸ್ತೆಯಲ್ಲಿ, ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಊರಿಗೆಲ್ಲ ಅವರು ಟೈಪಿಂಗ್ ಮೇಡಂ. ಹುಟ್ಟಿದ್ದು ಮಳವಳ್ಳಿ ಕಡೆ. ಪಾಠ ಹೇಳುವಾಗ ಪುಸ್ತಕದ ಕನ್ನಡ ಆಡುತ್ತಿದ್ದರು; ಸಿಟ್ಟು ಬಂತೋ, ಮಳವಳ್ಳಿಯ ನಾಲಿಗೆ ಹೊರಗೆ ಬರುತ್ತಿತ್ತು. ಸಿಟ್ಟು ದಿನಾ ಬರುತ್ತಿತ್ತು. ಮದುವೆ ಆಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, “ನೀವು ಯಾಕೆ ಆದ್ರಿ? ಮೊದಲು ಅದನ್ನ ಹೇಳಿ, ಆಮೇಲೆ ನಾನು ಹೇಳ್ತೀನಿ” ಎನ್ನುತ್ತಿದ್ದರು. ಅವರ ಸರದಿ ಬರುವ ತನಕ ಯಾರೂ ನಿಲ್ಲುತ್ತಿರಲಿಲ್ಲ. ದೊಡ್ಡ ಹೈವೇ ಊರ ಹೊರಗೆ ಹಾದುಹೋಗಿ, ನಮ್ಮ ರಸ್ತೆಯ ಅಂಗಡಿಗಳು ಒಂದೊಂದೇ ಬಾಗಿಲು ಹಾಕಿದಾಗ ಅವರು ಹೊಸ ಬೋರ್ಡು ಬರೆಸಿ ತೂಗುಹಾಕಿದರು. “ರಸ್ತೆ ಓಯ್ತು ಅಂತ ನಾನ್ಯಾಕೆ ಓಗ್ಲಿ? ನಾನೇನು ಲಾರೀನಾ?” ಅಂದರು.

ನಾನು ಅವರ ಹತ್ತಿರ ಟೈಪಿಂಗ್ ಕಲಿತವಳು. ಟೈಪ್‌ರೈಟರಿನ ಕಾಲ ಮುಗಿದು ಅವರು ಕಂಪ್ಯೂಟರ್ ಇಟ್ಟಾಗ ಅದನ್ನೂ ಅವರಿಂದಲೇ ಕಲಿತೆ. ಆಮೇಲೆ ನಮ್ಮವರ ಜೊತೆ ಸೇರಿ ಅದೇ ಕಟ್ಟಡದ ಕೆಳಗೆ ಒಂದು ಸಣ್ಣ ಡಿಟಿಪಿ ಅಂಗಡಿ ಹಾಕಿದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ನಾಮಕರಣ, ತಿಥಿ, ಸಭೆಯ ಕರಪತ್ರ. ಮನುಷ್ಯ ಹುಟ್ಟಿದಾಗಿನಿಂದ ಹೋಗುವ ತನಕ ಏನೇನು ಅಚ್ಚಾಗಬೇಕೋ ಅದಕ್ಕೆಲ್ಲ ಅಕ್ಷರ ಜೋಡಿಸುವುದು ನನ್ನ ಕೆಲಸ. ಮೈಸೂರಿನ ಒಂದು ಪ್ರೆಸ್ಸಿನವರು ಮಾರಿದ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರೊಂದನ್ನು ನಮ್ಮವರು ತಂದುಕೊಟ್ಟಿದ್ದರು. ಪರದೆ, ಯಂತ್ರ ಎಲ್ಲ ಒಂದೇ ಮೈ. ಕೆಳಗೆ ಡಬ್ಬವಿಲ್ಲ, ವೈರುಗಳ ಸಿಕ್ಕಿಲ್ಲ. ಮುಂದೆ ಪೂರ್ತಿ ಗಾಜು, ಹಿಂದೆ ಸ್ಟೀಲ್ ತಟ್ಟೆಯಂತೆ ನುಣ್ಣಗಿನ ಬೆನ್ನು, ಎಲ್ಲೂ ಒಂದು ಸ್ಕ್ರೂ ಇಲ್ಲ. ನೋಡಿದವರೆಲ್ಲ ಟಿವಿಯಾ ಎಂದು ಕೇಳುತ್ತಿದ್ದರು. ನಮ್ಮವರು ಎದೆಯುಬ್ಬಿಸಿ ಅಲ್ಲ ಎನ್ನುತ್ತಿದ್ದರು.

ನಮ್ಮವರು ತೀರಿಕೊಂಡರು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಬರೆದರೆ ಬರೀ ಅದೇ ಆಗುತ್ತದೆ. ತಿಥಿಯೆಲ್ಲ ಮುಗಿದ ಮೇಲೆ ಆತಗೂರಿನ ಕಡೆಯ ನಮ್ಮ ಹಳ್ಳಿಯಿಂದ ಭಾವ ಬಂದರು. ಭಾವ ಎಂದರೆ ನಮ್ಮವರ ಅಣ್ಣ, ಮನೆಗೆ ಹಿರಿಯರು, ಊರಿನ ಹಾಲಿನ ಡೈರಿಯ ಕಾರ್ಯದರ್ಶಿ. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸಲೀಸಾಗುತ್ತಿತ್ತು, ಬಾಗಿಲಲ್ಲೇ ನಿಲ್ಲಿಸಿ ಜಗಳವಾಡುತ್ತಿದ್ದೆ.

“ಅಂಗ್ಡಿ ಗಿಂಗ್ಡಿ ಸಾಕು ಕಣಮ್ಮ,” ಅಂದರು. “ಮಗೀನ ಕರ್ಕಂಡು ಊರಿಗ್ ಬಂದ್ಬುಡು. ಅಷ್ಟು ದೊಡ್ಮನೇಲಿ ಒಂದ್ ಮೂಲೇಲಿ ಇರೀವಂತೆ. ನಿಂಗೇನು ಕಮ್ಮಿ ಮಾಡ್ದೇವು?”

ಒಂದು ಮೂಲೆ! ಪ್ರೀತಿಯಿಂದಲೇ ಹೇಳಿದ ಮಾತು. ಆದರೂ ಆ ಮೂಲೆಯ ಮಾತು ನನಗೆ ಹಿಡಿಸಲಿಲ್ಲ. ನನಗೆ ಮೂಲೆ ಬೇಡ, ನನ್ನ ಅಂಗಡಿಯ ನಡುವೆ ಇರುವ ನನ್ನ ಕುರ್ಚಿ ಬೇಕು ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಆಗ ಇರಲಿಲ್ಲ. ಉಗಾದಿ ತನಕ ನೋಡುತ್ತೇನೆ ಭಾವ, ಒಬ್ಬಳೇ ನಡೆಸಿಕೊಂಡು ಹೋಗಲು ಆಗದಿದ್ದರೆ ಬರುತ್ತೇನೆ, ಎಂದೆ. ಅವರು ಒಪ್ಪಿದರು. ಆಗುವುದಿಲ್ಲ ಎಂಬ ನಂಬಿಕೆಯಿಂದಲೇ ಒಪ್ಪಿದರು ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು.

ಸಂಕ್ರಾಂತಿ ಕಳೆದು ಲಗ್ನಗಳು ಶುರುವಾಗುವ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್ ಕೈಕೊಟ್ಟಿತು. ಒಂದು ಗಣಪತಿ ಚಿತ್ರ ತೆರೆಯಲು ಹೇಳಿದರೆ ಬಣ್ಣದ ಚಕ್ರ ತಿರುಗಿಸುತ್ತ ಕೂರುತ್ತಿತ್ತು. ಗಿರಾಕಿಗಳು ಬೆಂಚಿನ ಮೇಲೆ ಕೂತು ಕಾದು, ಎದ್ದು, ಮುಂದಿನ ಬೀದಿಯ ಅಂಗಡಿಗೆ ಹೋಗುತ್ತಿದ್ದರು. ಮೇಡಂ ಬಂದು ಎದುರು ಕೂತು, ಒಳಗಿನಿಂದ ಬರುತ್ತಿದ್ದ ಕಿರ್ ಕಿರ್ ಸದ್ದಿಗೆ ಕಿವಿ ಕೊಟ್ಟರು.

“ಮೆಮೊರಿ ಅಂದ್ರೆ ಒಲೆ ಮೇಲಿನ ಪಾತ್ರೆ, ಡಿಸ್ಕು ಅಂದ್ರೆ ಉಗ್ರಾಣ. ನಿನ್ನ ಉಗ್ರಾಣಕ್ಕೆ ಗೆದ್ದಲು ಹಿಡಿದಿದೆ. ಪಾತ್ರೆ ನೋಡಿದ್ರೆ ಮಗೂಗೆ ಗಂಜಿ ಕಾಯಿಸೋವಷ್ಟು. ಮದುವೆ ಅಡುಗೆ ಮಾಡು ಅಂದ್ರೆ ಅದು ಎಲ್ಲಿಂದ ಮಾಡುತ್ತೆ? ಎರಡೂ ಬದಲಾಯಿಸ್ಬೇಕು” ಅಂದರು.

ಮಂಡ್ಯದ ಒಂದು ರಿಪೇರಿ ಅಂಗಡಿಗೆ ಹೋದೆವು. ಕರೆಯದೆಯೇ ಅವರೂ ಬಂದರು. ರೈಲಿನಲ್ಲಿ ಬೆಡ್‌ಶೀಟು ಸುತ್ತಿದ ಯಂತ್ರವನ್ನು ತಮ್ಮ ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಅಂಗಡಿಯಾತ ಬೆಡ್‌ಶೀಟು ಸರಿಸಿ ನೋಡಿದವನೇ ಮತ್ತೆ ಮುಚ್ಚಿಬಿಟ್ಟ.

“ಇದು ಸೀಲ್ಡ್ ಪೀಸು ಮೇಡಂ. ಗಾಜು ಅಂಟಿಸಿಬಿಟ್ಟಿರ್ತಾರೆ. ಮೆಮೊರಿ ಹಾಕೋಕಾಗಲ್ಲ, ಡಿಸ್ಕ್ ಹಾಕೋಕಾಗಲ್ಲ. ಹೊಸದು ತಗೊಳ್ಳಿ.”

“ಆಗಲ್ಲ ಅಂತೀಯೋ, ಮಾಡಲ್ಲ ಅಂತೀಯೋ?” ಮೇಡಂ ಕೇಳಿದರು.

“ಅಂದ್ರೆ?”

“ಎರಡೂ ಬೇರೆ ಬೇರೆ ಕಣಪ್ಪ. ಆಗಲ್ಲ ಅಂದ್ರೆ ದೇವರು ಮುಚ್ಚಿದ್ದು. ಮಾಡಲ್ಲ ಅಂದ್ರೆ ಮನುಷ್ಯ ಮುಚ್ಚಿದ್ದು. ಇದನ್ನ ಮುಚ್ಚಿದ್ದು ಯಾರು?”

“ಕಂಪನಿಯವರು, ಮೇಡಂ.”

“ಕಂಪ್ನೀಲಿರೋರು ಮನುಸ್ರೇ ತಾನೆ? ಅಂಟ್ಸೋಕೆ ಆಯ್ತದೆ, ಬುಡ್ಸೋಕೆ ಆಗಲ್ವಾ? ಏಳೇ, ಎತ್ಕೊ. ನಾವೇ ಬುಡುಸ್ಕೊಳನ.”

ವಾಪಸ್ಸು ಬರುವಾಗ ರೈಲಿನಲ್ಲಿ ಅವರು ಆ ನೀಲಿ ಉಗುರನ್ನು ಗಾಜಿನ ಅಂಚಿನುದ್ದಕ್ಕೂ ಓಡಿಸುತ್ತಿದ್ದರು. ಎಲ್ಲೂ ಇಳಿಯಲಿಲ್ಲ. “ಉಗುರಿಗೂ ಜಾಗ ಬಿಟ್ಟಿಲ್ಲ ನೋಡೇ ಖದೀಮರು,” ಎಂದು ಗೊಣಗಿದರು. ಆಮೇಲೆ ದನಿ ಏರಿತು, ಇಡೀ ಬೋಗಿಗೆ ಕೇಳುವ ಹಾಗೆ. “ಕೊಂಡ್ಕೊಂಡೋಳು ನೀನು, ಕರೆಂಟ್ ಕೊಡೋಳು ನೀನು, ಧೂಳು ಒರಸೋಳು ನೀನು. ಒಳ್ಗಡೆ ನೋಡ್ಬೇಡ ಅನ್ನೋಕೆ ಇವ್ರ್ಯಾರು? ನನ್ನ ಟೈಪ್‌ರೈಟ್ರು ಯಾವತ್ತಾದ್ರೂ ನನ್ನೆದ್ರು ಹೊಟ್ಟೆ ಮುಚ್ಕಂಡು ಕೂತಿತ್ತಾ?” ಎದುರು ಸೀಟಿನ ಹೂವಿನ ಬುಟ್ಟಿಯವಳು ಯಾವುದೋ ಮನೆಯ ಜಗಳ ಎಂದುಕೊಂಡು, ಬುಡಿ ತಾಯಿ ಹೋಗ್ಲಿ, ಎಂದು ಸಮಾಧಾನ ಹೇಳಿದಳು. “ಯಾಕ್ ಬುಡ್ಲಿ?” ಎಂದು ಅವಳ ಮೇಲೂ ತಿರುಗಿಬಿದ್ದರು.

ಅವರು ಫೋನಿನಲ್ಲಿ ಹುಡುಕಿ ಒಂದು ವಿಡಿಯೊ ಹಿಡಿದರು. ಯಾವುದೋ ದೇಶದವನು ಇಂಥದ್ದೇ ಯಂತ್ರದ ಅಂಚಿಗೆ ಬಿಸಿ ಪಟ್ಟಿ ಇಟ್ಟು, ಅಂಟು ಮೆತ್ತಗಾದ ಮೇಲೆ ತೆಳುವಾದ ಬಿಲ್ಲೆ ತೂರಿಸಿ ಗಾಜು ಎಬ್ಬಿಸುತ್ತಿದ್ದ. ಅದನ್ನು ಊಟ ಮಾಡುತ್ತ ನೋಡಿದರು, ಪಾಠದ ನಡುವೆ ನೋಡಿದರು. ಕೊನೆಗೆ ಫೋನನ್ನು ನನ್ನ ಮುಂದೆ ಕುಕ್ಕಿ, “ಇವನು ಹೀಟಿಂಗ್ ಪ್ಯಾಡು ಅಂತಿದ್ದಾನೆ, ನಮ್ಮವ್ವ ಉಪ್ಪಿನ ಗಂಟು ಅಂತಿದ್ಲು. ಅಷ್ಟೇ ವ್ಯತ್ಯಾಸ” ಅಂದರು. ಅವರ ತಾಯಿ ಮಳವಳ್ಳಿಯ ತಮ್ಮ ಬೀದಿಯ ಬಾಣಂತಿಯರಿಗೆಲ್ಲ ಶಾಖ ಕೊಡುತ್ತಿದ್ದವರಂತೆ. ಕಲ್ಲುಪ್ಪನ್ನು ಬಾಂಡ್ಲಿಯಲ್ಲಿ ಹುರಿದು, ಹಳೇ ಸೀರೆ ಬಟ್ಟೆಯಲ್ಲಿ ಗಂಟು ಕಟ್ಟಿ, ಸೊಂಟಕ್ಕೂ ಬೆನ್ನಿಗೂ ಒತ್ತುವುದು. ಆ ತಾಯಿಯ ಕಬ್ಬಿಣದ ಬಾಂಡ್ಲಿ ಇವರ ಹತ್ತಿರವೇ ಇತ್ತು.

ಮೆಮೊರಿ ಮತ್ತು ಹೊಸ ಬಗೆಯ ಡಿಸ್ಕು ಬೆಂಗಳೂರಿನಿಂದ ಕೊರಿಯರ್‌ನಲ್ಲಿ ಬಂದವು. ಎರಡೂ ಸೇರಿದರೂ ಅಂಗೈ ತುಂಬದಷ್ಟು ಪುಟ್ಟ ಸಾಮಾನು. ಮೊದಲು ಮೇಡಂ ಹಳೇ ಡಿಸ್ಕಿನಲ್ಲಿದ್ದ ನನ್ನ ಕೆಲಸವನ್ನೆಲ್ಲ, ಯಂತ್ರ ನಡೆಸುವ ಸಾಫ್ಟ್‌ವೇರೂ ಸೇರಿ, ಹೊಸದಕ್ಕೆ ನಕಲು ಮಾಡಿಸಿದರು. ಅದಿಲ್ಲದೆ ಮುಟ್ಟುವುದಿಲ್ಲ ಎಂದರು. ಭಾನುವಾರ ಬೆಳಗ್ಗೆ ಅಂಗಡಿಯ ಬಾಗಿಲು ಅರ್ಧ ಎಳೆದು, ಯಂತ್ರದ ವೈರು ಕಿತ್ತು, ಒಳಗೆ ಉಳಿದ ಕರೆಂಟು ಇಳಿಯಲಿ ಎಂದು ಸ್ವಿಚ್ಚನ್ನು ಒತ್ತಿಹಿಡಿದು ಬಿಟ್ಟು, ಮೇಜಿನ ಮೇಲೆ ದಪ್ಪ ಜಮಖಾನ ಹಾಸಿ ಮಲಗಿಸಿದೆವು. ಟೀ ಕಾಯಿಸುವ ಒಲೆಯ ಮೇಲೆ ಉಪ್ಪು ಚಟಪಟ ಎಂದಿತು. ಮೇಡಂ ಗಂಟು ಕಟ್ಟಿ ಗಾಜಿನ ಮೇಲಿನ ಮೂಲೆಗೆ ಒತ್ತಿದರು.

ಟಿಕ್ ಎಂದಿತು.

ಬಾಣಂತಿಯ ಬೆನ್ನಿಗೆ ಎಷ್ಟು ಬಿಸಿ ಬೇಕೋ ಅಷ್ಟೇ ಬಿಸಿ ಅದು. ಅವರ ಕೈಗೆ ತಾಯಿಯಿಂದ ಬಂದ ಅಂದಾಜು. ಬೆನ್ನು ತಡೆಯುತ್ತದೆ, ಬೆಳಗಿನ ಚಳಿಗೆ ತಣ್ಣಗಿದ್ದ ಗಾಜು ತಡೆಯಲಿಲ್ಲ. ಮೂಲೆಯಿಂದ ಒಂದು ಬಿರುಕು ಬಾಗಿಕೊಂಡು ಕೆಳಗಿಳಿದು ಅಲ್ಲೇ ನಿಂತಿತು. ನಮ್ಮವರು ತಂದ ಯಂತ್ರ, ಎದುರಿಗೆ ಉಗಾದಿ, ಆಚೆ ಭಾವ, ಎಲ್ಲ ಒಟ್ಟಿಗೆ ನೆನಪಾದವು. ಸುಮ್ಮನೆ ಇದ್ದಿದ್ದರೆ ನಿಧಾನವಾಗಿಯಾದರೂ ನಡೆಯುತ್ತಿತ್ತಲ್ಲ ಎಂದು ಅವರ ಮೇಲೆ ಕೋಪವೂ ಬಂತು. ಸುಳ್ಳು ಯಾಕೆ ಹೇಳಲಿ.

ಅವರು ಗಂಟನ್ನು ಪಕ್ಕಕ್ಕಿಟ್ಟು ನೆಟ್ಟಗೆ ನನ್ನ ಮುಖ ನೋಡಿದರು. ಅಯ್ಯೋ ಎನ್ನಲಿಲ್ಲ. ಗಾಜು ಸರಿಯಿರಲಿಲ್ಲ, ಉಪ್ಪು ಸರಿಯಿರಲಿಲ್ಲ ಎನ್ನಲಿಲ್ಲ.

“ಒಡೀತು. ಒಡೆದಿದ್ದು ನಾನು,” ಅಂದರು. “ಒಡೆದಿರೋದು ಮೂಲೆ. ಅಕ್ಷರ ಬರೋದು ನಡುವೆ. ಅಳೋದಿದ್ರೆ ಕೆಲಸ ಮುಗಿದ ಮೇಲೆ ಇಬ್ರೂ ಕೂತು ಅಳೋಣ. ಈಗ ಉಪ್ಪು ಹುರಿ.”

ಈ ಸಲ ಗಂಟನ್ನು ಮೊದಲು ತಮ್ಮ ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿಕೊಂಡರು, ಕೂಸಿಗೆ ನೀರು ಹಾಕುವ ಮುಂಚೆ ಬಿಸಿ ನೋಡುತ್ತೇವಲ್ಲ ಹಾಗೆ. ಅಲ್ಲಿ ಹಿತವಾದರೆ ಮಾತ್ರ ಗಾಜಿಗೆ. ಒಂದು ಜಾಗ ಬೆಚ್ಚಗಾದ ಮೇಲೆ ಉಗುರು ತಾಗಿಸಿ ನೋಡಿದರು. ಇಳಿಯಿತು! ಅವರ ಮುಖ ಆಗ ಹೇಗಾಯಿತೆಂದರೆ, ಅಷ್ಟು ವರ್ಷದಲ್ಲಿ ನಾನು ಕಂಡಿದ್ದ ಮೇಡಂ ಅವರೇ ಅಲ್ಲ, ಗೋಲಿ ಗೆದ್ದ ಹುಡುಗಿ. ಉಗುರು ಮಾಡಿದ ಸಂದಿಯಲ್ಲಿ ಹಳೇ ಎಟಿಎಂ ಕಾರ್ಡು ತೂರಿಸಿ ನನ್ನ ಕೈಗೆ ಕೊಟ್ಟರು. ಅವರು ಮುಂದೆ ಮುಂದೆ ಶಾಖ ಕೊಡುತ್ತ ಹೋದರು, ನಾನು ಹಿಂದೆ ಹಿಂದೆ ಕಾರ್ಡು ಎಳೆಯುತ್ತ ಹೋದೆ. ಹಲಸಿನ ತೊಳೆ ಬಿಡಿಸುವಾಗ ಬರುವಂಥ ಸದ್ದು ಮಾಡುತ್ತ ಅಂಟು ಬಿಟ್ಟಿತು.

“ಪೂರ್ತಿ ಎತ್ಬೇಡ, ಒಳಗೆ ಕರುಳಿದೆ” ಎಂದು ಎಚ್ಚರಿಸಿದರು. ಗಾಜಿಗೂ ಯಂತ್ರಕ್ಕೂ ನಡುವೆ ರಿಬ್ಬನ್ನಿನಂಥ ತಂತಿಗಳಿದ್ದವು. ಅವನ್ನು ಬಿಡಿಸಿ ಒಳಗೆ ನೋಡಿದೆವು. ಧೂಳು ಹತ್ತಿಯ ಹಾಗೆ ಕಟ್ಟಿಕೊಂಡಿತ್ತು. ಹಳೇ ಡಿಸ್ಕು ಕೂಡಲೇ ಬಂತು, ಮೆಮೊರಿ ಮಾತ್ರ ದೊಡ್ಡ ಬೋರ್ಡಿನ ಬೆನ್ನಿಗೆ ಅಡಗಿತ್ತು; ಫ್ಯಾನು, ಸ್ಪೀಕರು ಎಲ್ಲ ಕಳಚಿ ಬೋರ್ಡನ್ನೇ ಎತ್ತಬೇಕಾಯಿತು. ಮದುವೆ ಮಂಟಪದ ಥರ್ಮಾಕೋಲ್ ತುಂಡಿನ ಮೇಲೆ ಯಂತ್ರದ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಚಿತ್ರದಲ್ಲಿ ಅಲ್ಲೇ ಚುಚ್ಚಿಡುತ್ತಿದ್ದೆ. ಅದು ನನ್ನ ಉಪಾಯ. “ಪರ್ವಾಗಿಲ್ವೇ ನೀನು” ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿಲ್ಲ.

ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಮತ್ತೆ ಎಲ್ಲ ಜೋಡಿಸಿ, ಅಂಚಿಗೆ ಹೊಸ ಅಂಟುಪಟ್ಟಿ ಹಾಕಿ, ಗಾಜು ಕೂರಿಸಿ ಸ್ವಿಚ್ಚು ಒತ್ತಿದೆ. ಮೊದಲೆಲ್ಲ ಅದನ್ನು ಎಬ್ಬಿಸಿಟ್ಟು ನಾನು ಅಂಗಡಿ ಗುಡಿಸಿ, ಬಾಗಿಲಿಗೆ ನೀರು ಹಾಕಿ, ಕಾಫಿ ಕುಡಿದು ಬಂದರೂ ಆಕಳಿಸುತ್ತಿರುತ್ತಿತ್ತು. ಈಗ ನಾನು ಕುರ್ಚಿ ಎಳೆದುಕೊಳ್ಳುವ ಮುಂಚೆಯೇ ಎದ್ದು ಕೂತಿತ್ತು. ಆಗ ನಾನು ಅತ್ತುಬಿಟ್ಟೆ, ಒಬ್ಬಳೇ. ಮೇಡಂ ಮಾತು ಕೊಟ್ಟಂತೆ ಜೊತೆಗೆ ಅಳಲಿಲ್ಲ, ಬಾಂಡ್ಲಿ ತೊಳೆಯಲು ಹೋದರು.

ಮಾರನೇ ದಿನ ನಾನು ಆ ಬಿರುಕಿನ ಮೇಲೆ ಒಂದು ಲಕ್ಷ್ಮಿಯ ಸ್ಟಿಕ್ಕರ್ ಅಂಟಿಸಿದೆ. ಒಡೆದ ಗಾಜಿನ ಮುಂದೆ ಕೂತು ಲಗ್ನಪತ್ರಿಕೆ ಮಾಡಿಸಲು ಯಾರು ಒಪ್ಪುತ್ತಾರೆ? ಮೇಡಂ ಬಂದವರೇ ಉಗುರಿನಿಂದ ಅದನ್ನು ಎಬ್ಬಿಸಿ ತೆಗೆದು ಗೋಡೆಗೆ ಅಂಟಿಸಿದರು.

“ಮುಚ್ಚಿದ್ದನ್ನ ತೆಗೆಯೋಕೆ ಅಷ್ಟು ಒದ್ದಾಡಿದ್ವಿ. ಈಗ ನೀನು ಮುಚ್ಚೋಕೆ ಶುರು ಮಾಡಿದ್ಯಾ?”

“ಗಿರಾಕಿಗಳು ಅಪಶಕುನ ಅಂತಾರೆ ಮೇಡಂ.”

“ಅನ್ಲಿ. ಅಂದೋರಿಗೆ ನಾನು ಹೇಳ್ತೀನಿ.”

ಅಂದು ಮೊದಲು ಬಂದವರು ಬಸರಾಳಿನ ಕಡೆಯ ಒಬ್ಬ ಯಜಮಾನರು, ಮಗಳ ಮದುವೆಯ ಕಾರ್ಡಿಗೆ. ಕುರ್ಚಿಯಲ್ಲಿ ಕೂತವರು ಬಿರುಕು ನೋಡಿ ಹುಬ್ಬು ಗಂಟು ಹಾಕಿದರು. ನನ್ನ ಕೈ ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು. ಮೇಡಂ ಬೆಂಚಿನಿಂದಲೇ, “ಗಾಜು ಒಡೆದಿದೆ ಯಜಮಾನ್ರೇ, ರಿಪೇರಿ ಮಾಡುವಾಗ ಒಡೆದಿದ್ದು ನಾನೇ. ಮಗಳ ಹೆಸರು ಸರ್ಯಾಗಿ ಬಂದಿದ್ಯಾ, ಅದನ್ನ ನೋಡಿ” ಅಂದರು.

ಅವರು ಕನ್ನಡಕ ಏರಿಸಿಕೊಂಡು ಹೆಸರು ಓದಿದರು. “ಬುಡಿ, ನಾವು ಬಂದ ಬಸ್ಸಿನ ಗ್ಲಾಸೂ ಸೀಳು ಬುಟ್ಟಿತ್ತು. ಮದ್ದೂರಿಗೆ ಬಂದು ಇಳೀಲಿಲ್ವಾ?” ಅಂದರು. ನಾನು ನಕ್ಕೆ. ನಮ್ಮವರು ಹೋದ ಮೇಲೆ ಆ ಅಂಗಡಿಯಲ್ಲಿ ನಕ್ಕಿದ್ದು ಅದೇ ಮೊದಲು.

ಎಲ್ಲರೂ ಅವರಂತಿರಲಿಲ್ಲ, ಎದ್ದುಹೋದವರೂ ಇದ್ದರು. ಆದರೆ ಉಳಿದವರು ಸಾಕಾಗುವಷ್ಟಿದ್ದರು. ಉಗಾದಿಗೆ ನಾಲ್ಕು ದಿನ ಇರುವಾಗ ಭಾವ ಬಂದಾಗ ಬೆಂಚಿನ ಮೇಲೆ ಕೂರಲು ಜಾಗವಿರಲಿಲ್ಲ. ನಿಂತೇ ನೋಡಿದರು. ಹೊರಡುವಾಗ, “ಒಡ್ದ ಗಾಜು ಮುಂದೆ ಕೂತ್ಕಂಡ್ರೆ ಏಳ್ಗೆ ಆದದಾ?” ಎಂದರು, ಮೆಲ್ಲಗೆ. ನನ್ನ ನಾಲಿಗೆಗೆ ಅಷ್ಟು ಬಲ ಎಲ್ಲಿಂದ ಬಂತೋ. “ಊರಲ್ಲಿ ಮೂಲೆ ಕೊಡ್ತೀನಿ ಅಂದ್ರಿ ಭಾವ. ನನಗೆ ಇಲ್ಲೇ ಒಂದು ಮೂಲೆ ಒಡೆದಿದೆ, ಅದೇ ಸಾಕು. ಬರಲ್ಲ” ಅಂದೆ. ಮೇಲಿನ ಮಹಡಿಯಲ್ಲಿ ಒಂದು ಟೈಪ್‌ರೈಟರ್ ಇದ್ದಕ್ಕಿದ್ದಂತೆ ಜೋರಾಗಿ ಬಡಿದುಕೊಳ್ಳತೊಡಗಿತು. ಮೇಡಂ ಕೇಳಿಸಿಕೊಂಡಿದ್ದರು.

ಆಮೇಲೆ ತಾಲ್ಲೂಕಿನ ಶಾಲೆಗಳಿಂದ, ಸ್ಟುಡಿಯೊಗಳಿಂದ ಇಂಥ ಮೈಮುಚ್ಚಿದ ಯಂತ್ರಗಳು ನಮ್ಮ ಮೆಟ್ಟಿಲು ಹತ್ತತೊಡಗಿದವು. ಎರಡನೆಯದಕ್ಕೇ ಗಂಟು ನನ್ನ ಕೈಗೆ ಕೊಟ್ಟು ಮೇಡಂ ಕುರ್ಚಿ ಹಾಕಿಕೊಂಡು ಕೂತರು. ಕೆಲವನ್ನು ತೆರೆದ ಮೇಲೂ ಏನೂ ಮಾಡಲಾಗಲಿಲ್ಲ. ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಿದ್ದರು. ಅಂಥದ್ದು ಕಂಡಾಗ ಅವರು ಯಾರದೋ ವಂಶವನ್ನೇ ಬೈಯುತ್ತಿದ್ದರು. ಆದರೆ ತೆರೆಯದೆ ಒಂದನ್ನೂ ವಾಪಸ್ಸು ಕಳಿಸಲಿಲ್ಲ. “ಒಳಗೆ ನೋಡಿ ಇಲ್ಲ ಅನ್ನು, ಹೊರಗಿಂದ ನೋಡಿ ಇಲ್ಲ ಅನ್ಬೇಡ.” ನನ್ನ ಮಗಳಿಗೂ ಅದನ್ನೇ ಹೇಳುತ್ತಿದ್ದರು, ಲೆಕ್ಕದ ಪುಸ್ತಕದ ಬಗ್ಗೆ.

ಹೋದ ವರ್ಷ ಅವರ ಉಸಿರು ಕೈಕೊಟ್ಟಿತು. ಮಂಡ್ಯದ ಆಸ್ಪತ್ರೆಯಲ್ಲಿ ಮೂಗಿಗೆ ಕೊಳವೆ ಹಾಕಿ ಮಲಗಿಸಿದ್ದರು. ನಾನು ಹೋದಾಗ ಬಲಗೈ ಎತ್ತಿ ತೋರಿಸಿದರು. ಆಮ್ಲಜನಕ ಅಳೆಯುವ ಕ್ಲಿಪ್ಪು ಬೆರಳಿಗೆ ಸರಿಯಾಗಿ ಕೂರಲೆಂದು ನರ್ಸಮ್ಮ ಉಗುರುಗಳನ್ನೆಲ್ಲ ಕತ್ತರಿಸಿದ್ದಳು, ಜೊತೆಗೆ ಅದನ್ನೂ. ಬರಿಯ ಹೆಬ್ಬೆರಳು ಯಾರದೋ ಬೆರಳಿನಂತೆ ಕಾಣುತ್ತಿತ್ತು.

“ಕೇಳ್ಲೂ ಇಲ್ಲ ಕಣೇ,” ಅಂದರು. ಕೊಳವೆಯ ನಡುವೆ ಅಷ್ಟು ಹೇಳಲು ಎರಡು ಸಲ ಉಸಿರೆಳೆದುಕೊಂಡರು. ಅವರ ಕಣ್ಣಲ್ಲಿ ನೀರು ನೋಡಿದ್ದು ಅದೊಂದೇ ಸಲ. ಆಮೇಲೆ, “ಬಾಂಡ್ಲಿ ನೀನೇ ಎತ್ಕೊಂಡೋಗು. ತುಕ್ಕು ಹಿಡಿಸ್ದೆ ಅಂದ್ರೆ ನೋಡು” ಅಂದರು. ವಾರದೊಳಗೆ ಹೋದರು. ಅವರ ತಿಥಿಯ ಕಾರ್ಡನ್ನು ನಾನೇ ಮಾಡಿದೆ, ಆ ಬಿರುಕು ಬಿಟ್ಟ ಗಾಜಿನ ಮುಂದೆ ಕೂತು. ಹೆಸರಿನ ಹಿಂದೆ ಶ್ರೀಮತಿಯೂ ಹಾಕಲಿಲ್ಲ, ಕುಮಾರಿಯೂ ಹಾಕಲಿಲ್ಲ. ಅವರ ಅಣ್ಣನ ಮಕ್ಕಳು ಯಾಕೆ ಎಂದು ಕೇಳಿದರು. ಹಾಗೇ ಇರಲಿ ಎಂದೆ.

ಮೊನ್ನೆ ಭಾವ ಬಂದರು. ಕಂಕುಳಲ್ಲಿ ಗೋಣಿಚೀಲ ಸುತ್ತಿದ ಒಂದು ಯಂತ್ರ. ಡೈರಿಯ ಕಂಪ್ಯೂಟರು, ಎಲ್ಲ ಒಂದೇ ಮೈಯದು. ಬೆಳಗ್ಗೆ ಹಾಲು ಹಾಕುವವರು ಸಾಲಾಗಿ ನಿಂತಿರುವಾಗ ಅದು ನಿದ್ದೆ ಮಾಡುತ್ತದಂತೆ, ಊರವರೆಲ್ಲ ಕಾರ್ಯದರ್ಶಿಯನ್ನು ಬೈಯುತ್ತಾರಂತೆ.

“ಮಂಡ್ಯಕ್ಕೂ ತಗಂಡೋಗಿದ್ದೆ. ಆಗಕಿಲ್ಲ ಅಂದ್ರು ಕಣಮ್ಮ.”

“ಆಗಲ್ಲ ಅಂದ್ರೋ, ಮಾಡಲ್ಲ ಅಂದ್ರೋ ಭಾವ?”

ಅವರು ನನ್ನ ಮುಖ ನೋಡಿದರು. ನಾನು ಬಾಂಡ್ಲಿ ಒಲೆಗಿಟ್ಟು ಉಪ್ಪು ಸುರಿದೆ. ಹುರಿದು, ಗಂಟು ಕಟ್ಟಿ, ಅವರ ಕೈಗೆ ಕೊಟ್ಟೆ. ಹಿರಿಯರು, ನಮ್ಮ ಮನೆಯ ಯಜಮಾನರು, ಉಪ್ಪಿನ ಗಂಟು ಹಿಡಿದು ನನ್ನ ಅಂಗಡಿಯಲ್ಲಿ ನಿಂತಿದ್ದರು.

“ಮೊದಲು ಮಣಿಕಟ್ಟಿಗೆ ಮುಟ್ಟಿಸ್ಕೊಳ್ಳಿ. ಹಿತವಾಗಿದ್ರೆ ಗಾಜಿಗೆ.”

ಮುಟ್ಟಿಸಿಕೊಂಡರು. ಗಾಜಿನ ಹತ್ತಿರ ತಂದು ತಡೆದರು. ಅವರ ಕಣ್ಣು ನನ್ನ ಮೇಜಿನ ಮೇಲಿನ ಯಂತ್ರದ ಮೂಲೆಗೆ ಹೋಯಿತು, ಆ ಬಿರುಕಿಗೆ.

“ಒಡ್ದೋದ್ರೆ?”

“ಒಡೆದ್ರೆ, ‘ಒಡೆದಿದ್ದು ನಾನು’ ಅಂತ ನೀವೇ ಊರಿಗೆಲ್ಲ ಹೇಳಿ ಭಾವ. ಒತ್ತಿ,” ಅಂದೆ.

ಒತ್ತಿದರು. ಅಂಚು ಬೆಚ್ಚಗಾಯಿತು. ನಾನು ಬಲಗೈ ಹೆಬ್ಬೆರಳ ಉಗುರನ್ನು ಸಂದಿಗೆ ತಾಗಿಸಿದೆ. ಮೇಡಂ ಉಗುರಿನಷ್ಟು ದಪ್ಪವಿಲ್ಲ, ಅಷ್ಟು ಉದ್ದವೂ ಇಲ್ಲ. ಅವರನ್ನು ಆಸ್ಪತ್ರೆಯಲ್ಲಿ ನೋಡಿ ಬಂದ ದಿನದಿಂದ ಇದನ್ನು ಬುಡಕ್ಕೆ ಕತ್ತರಿಸಿಲ್ಲ, ಅಷ್ಟೇ. ಇಳಿಯಿತು.